ಕೂತ್ಕೊಳ್ಳಿ ಎನ್ನುತ್ತಿದ್ದ ಜರ್ಮನಿಯಾಕೆ

ನಂಜನಗೂಡಿನ ಕಾರ್ಖಾನೆಯೊಂದಕ್ಕೆ ಇಂಜಿನಿಯರಾಗಿ ಬಂದು ನಮ್ಮ ಪಕ್ಕದ ಮನೆಯಲ್ಲಿದ್ದ ಜರ್ಮನಿಯಾಕೆಗೆ, ಹತ್ತಿರದ ಕಳಲೆ ಊರಿನ ಒಬ್ಬಾಕೆಯನ್ನು ಮನೆಗೆಲಸಕ್ಕೆ ಗೊತ್ತುಮಾಡಿಕೊಟ್ಟವಳು ನಾನೇ. ಇನ್ನೊಬ್ಬರು ದುಡಿಯುವಾಗ ಸುಮ್ಮನಿರುವುದು ಜರ್ಮನಿಯಾಕೆಗೆ ಆಗುತ್ತಿರಲಿಲ್ಲ. ಬೆಳಿಗ್ಗೆ ಕಾರ್ಖಾನೆಗೆ ಹೊರಡುವವರೆಗೂ ಕೆಲಸದಾಕೆಯ ಹಿಂದೆಯೇ ಓಡಾಡಿ, "ಕೂತ್ಕೊಳ್ಳಿ, ಕೂತ್ಕೊಳ್ಳಿ" ಎನ್ನುತ್ತ ಪೊರಕೆ ಕಿತ್ತುಕೊಂಡು ತಾನೇ ಗುಡಿಸುತ್ತಿದ್ದಳು.

ಒಂದು ವಾರಕ್ಕೇ ಕೆಲಸದಾಕೆ ಬರುವುದನ್ನು ನಿಲ್ಲಿಸಿದಳು. ಗಾಬರಿಯಾದ ಜರ್ಮನಿಯಾಕೆ ನನ್ನನ್ನೂ ಜೊತೆಗೆ ಕಳಲೆಗೆ ಹೊರಡಿಸಿದಳು. ಆಟೋದಲ್ಲಿ ತನ್ನ ತಪ್ಪೇನೆಂದು ದಾರಿಯುದ್ದಕ್ಕೂ ಕೇಳಿದಳು.

"ಎಲ್ಲಾನೂ ಅವ್ರೇ ಮಾಡ್ಕತಾರೆ ಕಣಕ್ಕ. ಸುಮ್ನೆ ಕುಂತು ಸಂಬ್ಳ ಈಸ್ಕೊಳಕ್ಕೆ ನಾನೇನ್ ಬೇಡಕ್ಕೆ ಬಂದಿದ್ನಾ?" ಎಂದಳು ಕೆಲಸದಾಕೆ.

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಜರ್ಮನಿಯಾಕೆಯ ಮುಖ ನಾಚಿಕೆಯಿಂದ ಕೆಂಪಾಯಿತು. ಕೈಚೀಲ ತಡಕಿ, ಮನೆಯ ಬೀಗದಕೈ ತೆಗೆದು ಕೆಲಸದಾಕೆಯ ಅಂಗೈಯಲ್ಲಿಟ್ಟಳು.

ಸೋಮವಾರ ಕೆಲಸದಾಕೆಯನ್ನು ಮನೆಯಲ್ಲಿ ಬಿಟ್ಟು ಕಾರ್ಖಾನೆಗೆ ಹೊರಟವಳು, ಬೀದಿ ದಾಟುವಷ್ಟರಲ್ಲಿ ಮೂರು ಸಲ ನಿಂತು ತಿರುಗಿ ನೋಡಿದಳು. ಮನೆಯತ್ತ ವಾಪಸು ಮಾತ್ರ ಹೆಜ್ಜೆಯಿಡಲಿಲ್ಲ.