ಯಾವ ಪಾರ್ಕೆಂದು ಗೊತ್ತಾಗಲಿಲ್ಲ

ನಗರವೊಂದನ್ನು ಅರಿಯಬೇಕಾದರೆ ಅದರ ಉದ್ಯಾನಗಳಲ್ಲಿ ಸಾವಧಾನವಾಗಿ ನಡೆದಾಡಬೇಕು. ನಾನು ನಲವತ್ತು ವರ್ಷ ತುಮಕೂರಿಗೆ ಹೋಗಿಬಂದವನು. ಒಂದು ಪಾರ್ಕಿನೊಳಗೂ ಕಾಲಿಟ್ಟಿರಲಿಲ್ಲ. ಚೇಳೂರಿನವರಿಗೆ ತುಮಕೂರೆಂದರೆ ಬಸ್ ಸ್ಟ್ಯಾಂಡು, ಆಫೀಸು, ಆಸ್ಪತ್ರೆ, ಮತ್ತೆ ಬಸ್ ಸ್ಟ್ಯಾಂಡು.

ಕಡೆಯ ಎರಡು ವರ್ಷ ನನ್ನ ಹೆಂಡತಿಯನ್ನು ಅಲ್ಲಿಯ ಆಸ್ಪತ್ರೆಗೆ ತೋರಿಸಲು ಕರೆದೊಯ್ಯುತ್ತಿದ್ದೆ. ವಾಪಸ್ ಬರುವಾಗ ಆಟೋ ಒಂದು ಪಾರ್ಕಿನ ಮುಂದೆ ಹಾಯುತ್ತಿತ್ತು.

"ನೋಡ್ರೀ, ಆ ಕಲ್ಲುಬೆಂಚು ಎಷ್ಟ್ ನೆರಳಲ್ಲೈತೆ. ಒಂದ್ ಗಳಿಗೆ ಕೂತ್ಕಂಡ್ ಹೋಗಾಣ" ಅನ್ನುತ್ತಿದ್ದಳು.

"ಬಸ್ ತಪ್ಪೋಗುತ್ತೆ" ಎಂದು ನಾನು ವಾಚು ನೋಡಿ ತೀರ್ಪು ಕೊಡುತ್ತಿದ್ದೆ. ಅದು ತಪ್ಪಿದರೆ ಮುಕ್ಕಾಲು ಗಂಟೆಗೆ ಇನ್ನೊಂದು ಬಸ್ಸಿದೆ ಎಂಬ ಅಂಶ ತೀರ್ಪಿನಲ್ಲಿ ಸೇರುತ್ತಿರಲಿಲ್ಲ.

ಅವಳನ್ನು ತೋಟದಲ್ಲೇ ಮಣ್ಣು ಮಾಡಿದೆವು. ನಮ್ಮ ಮನೆಯ ಪದ್ಧತಿಯಂತೆ ತಲೆಯ ಕಡೆ ಒಂದು ತೆಂಗಿನ ಸಸಿ ಇಟ್ಟೆವು. ವರ್ಷ ತುಂಬುವ ಹೊತ್ತಿಗೆ, ಇನ್ನೊಂದನ್ನು ಆ ಬೆಂಚಿನ ಪಕ್ಕ ಇಡಬೇಕು ಅನ್ನಿಸಿತು. ಮಕ್ಕಳಿಗೆ ಹೇಳಲಿಲ್ಲ. ಬುಡಕ್ಕೆ ಗೋಣಿಚೀಲ ಸುತ್ತಿ ಬಸ್ ಹತ್ತಿದೆ.

"ಏನ್ ಯಜಮಾನ್ರೆ, ತುಮಕೂರಲ್ಲಿ ತೋಟ ಮಾಡ್ತೀರಾ?" ಅಂದ ಕಂಡಕ್ಟರು. ಗುಬ್ಬಿಯಲ್ಲಿ ಹತ್ತಿದವರೊಬ್ಬರು ಗರಿ ಸವರಿ, ಒಳ್ಳೆ ತಳಿಯೆಂದು ಕೇಳದೆಯೇ ಸರ್ಟಿಫಿಕೇಟು ಕೊಟ್ಟರು.

ತುಮಕೂರಿನಲ್ಲಿ ಇಳಿದ ಮೇಲೆ ಹೊಳೆಯಿತು: ಪಾರ್ಕು ಯಾವುದೆಂದು ನನಗೆ ಗೊತ್ತಿಲ್ಲ. ಆಟೋ ಹೋಗುತ್ತಿದ್ದ ಬೀದಿಗಳನ್ನು ನಾನು ಒಂದು ದಿನವೂ ನೋಡಿರಲಿಲ್ಲ.

ಹುಡುಕುತ್ತ ನಡೆದೆ. ಸೋಮೇಶ್ವರಪುರದ ಮನೆಯೊಂದರ ಜಗುಲಿಯ ಮೇಲೆ ಹಪ್ಪಳ ಒಣಗುತ್ತಿತ್ತು. ಚಿಕ್ಕಪೇಟೆಯ ಸಂದಿಯಲ್ಲಿ ಹೂ ಕಟ್ಟುತ್ತಿದ್ದವಳು ಸಸಿಗೆ ದಾರಿ ಬಿಡಲು ಬುಟ್ಟಿಯನ್ನು ಪಕ್ಕಕ್ಕೆ ಎಳೆದುಕೊಂಡಳು. ಅಮಾನಿಕೆರೆಯ ಪಾರ್ಕಿನಲ್ಲಿ ನೀರ ಮೇಲಿನ ಗಾಳಿ ಬೀಸುತ್ತಿತ್ತು, ನನ್ನ ಹೆಂಡತಿಗೆ ಹಿಡಿಸುತ್ತಿತ್ತು. ಆದರೆ ಅಷ್ಟು ದೊಡ್ಡದು ನನ್ನಂಥವನ ಕಣ್ಣಿಗೂ ಬೀಳದೆ ಇರುತ್ತಿರಲಿಲ್ಲ. ಬಡಾವಣೆಗಳಲ್ಲಿ ಚಿಕ್ಕ ಪಾರ್ಕುಗಳು ನಾಲ್ಕು ಸಿಕ್ಕವು. ನಾಲ್ಕರಲ್ಲೂ ಕಲ್ಲುಬೆಂಚು, ನಾಲ್ಕಕ್ಕೂ ನೆರಳು.

ಕೊನೆಯದರಲ್ಲಿ ತರಗೆಲೆ ಗುಡಿಸುತ್ತಿದ್ದ ಹೆಂಗಸು ಪೊರಕೆ ನಿಲ್ಲಿಸಿದಳು.

"ತೆಂಗಾ? ಪಾರ್ಕಿಗೆ ಯಾರಾದ್ರೂ ತೆಂಗು ತತ್ತಾರಾ? ಕಾಯಿ ವಾಕಿಂಗ್ ಬಂದೋರ್ ತಲೆ ಮ್ಯಾಲ್ ಬಿದ್ರೆ ಯಾರ್ ಜವಾಬ್ದಾರಿ?"

ಮಾತು ನ್ಯಾಯವಾಗಿತ್ತು. ನಮ್ಮ ಸೀಮೆಯವನಿಗೆ ಮರವೆಂದರೆ ತೆಂಗೇ ಹೊರತು ಇನ್ನೊಂದು ತೋಚುವುದಿಲ್ಲ. ಕಾಯಿ ಬಿದ್ದೀತೆಂದು ಅದರ ಬುಡದಲ್ಲಿ ನಾವೂ ಕೂರುವುದಿಲ್ಲ. ಹೆಂಡತಿಯ ವಿಷಯ ಹೇಳಿದೆ.

"ಈ ಪಾರ್ಕೇಯಾ ಅದು?"

"ಗೊತ್ತಿಲ್ಲಮ್ಮ. ಅವಳು ಆಟೋದಿಂದ ನೋಡ್ತಿದ್ಲು."

"ನೀವೇನ್ ನೋಡ್ತಿದ್ರಿ?"

"ಟೈಮು."

ಅವಳು ನಗಲಿಲ್ಲ. ಬೆಂಚಿನ ಮೇಲಿದ್ದ ಎಲೆಗಳನ್ನು ಕೈಯಿಂದ ತಳ್ಳಿ, "ಕೂತ್ಕಳಿ ಯಜಮಾನ್ರೆ, ಬಿಸ್ಲು ಜಾಸ್ತಿ ಐತೆ" ಅಂದಳು.

ಕೂತೆ. ಸಸಿಯನ್ನು ಪಕ್ಕದಲ್ಲಿ, ಇನ್ನೊಬ್ಬರು ಕೂರುವ ಜಾಗದಲ್ಲಿ ಇಟ್ಟುಕೊಂಡೆ. ಕಲ್ಲು ತಣ್ಣಗಿತ್ತು. ಎಷ್ಟು ಹೊತ್ತು ಕೂತಿದ್ದೆನೋ. ಅವಳು ಗುಡಿಸಿ ಮುಗಿಸಿ, ಪೈಪು ಹಿಡಿದು ಗಿಡಗಳಿಗೆ ನೀರು ಬಿಡುತ್ತ ಬಂದವಳು, ನನ್ನ ಗೋಣಿಚೀಲಕ್ಕೂ ಒಂದಿಷ್ಟು ಬಿಟ್ಟು ಮುಂದೆ ಹೋದಳು.

ನನ್ನ ಹೆಂಡತಿ ತೋರಿಸುತ್ತಿದ್ದ ಪಾರ್ಕು ಯಾವುದೆಂದು ಕಡೆಗೂ ತಿಳಿಯಲಿಲ್ಲ. ಸಸಿಯನ್ನು ವಾಪಸ್ ತಂದು ತೋಟದಲ್ಲಿ ನೆಟ್ಟೆ.