ಆರು ಹಾಸು ಮುಗಿದ ಮೇಲೆ

ಇವತ್ತು ಮಧ್ಯಾಹ್ನ ಚಳ್ಳಕೆರೆಯ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಯೊಬ್ಬರು ಹೆಚ್ಚಿದ ಈರುಳ್ಳಿಯ ಮೇಲೆ ವಿನೆಗರ್ ಸುರಿದರು. ಉಳಿದವರಿಗೆ ಅದು ಹೋಟೆಲಿನ ವಾಸನೆ. ನನಗೆ ಆಸ್ಪತ್ರೆಯ ಹಸಿರು ಪರದೆಯೂ ಅದರಾಚೆ ಮಲಗಿದ್ದ ಚಿಗವ್ವನೂ ನೆನಪಾದರು.

ಚಿಗವ್ವ ಎಂದರೆ ನನ್ನ ಚಿಕ್ಕಮ್ಮ, ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ನೇಯುವವಳು. ನಾನು ದಾವಣಗೆರೆಯಲ್ಲಿ ಓದುತ್ತಿದ್ದಾಗ, ಊರಿಗೆ ಬಂದ ಕ್ಯಾಂಪಿನಲ್ಲಿ ಗರ್ಭಕೋಶದ ಬಾಯಿಯ ಪರೀಕ್ಷೆ ಮಾಡಿಸಿಕೊಂಡಳು. ಜೀವಕೋಶಗಳಲ್ಲಿ ಸಣ್ಣ ಬದಲಾವಣೆ ಇದೆಯೆಂದು ವರದಿ ಬಂತು. ರಜೆಯಲ್ಲಿದ್ದ ನಾನೇ ಚಳ್ಳಕೆರೆಯ ಆಸ್ಪತ್ರೆಗೆ ಕರೆದೊಯ್ದೆ. "ಇದು ಕ್ಯಾನ್ಸರ್ ಅಲ್ಲಮ್ಮ. ಆದ್ರೆ ಆರು ತಿಂಗಳಿಗೆ ಮತ್ತೆ ಬರ್ಲೇಬೇಕು," ಎಂದರು ಡಾಕ್ಟರಮ್ಮ.

ಮಗ್ಗವಿದ್ದ ಪಡಸಾಲೆಯಲ್ಲೇ ಚಿಗವ್ವ, ಚಿಗಪ್ಪ ಇಬ್ಬರ ಊಟ, ನಿದ್ದೆ, ಮಾತು ಎಲ್ಲ. ಚಿಗಪ್ಪನೆದುರು ಈ ವಿಷಯ ಎತ್ತಲು ನನಗೆ ಸಂಕೋಚ. ನನ್ನ ಕಾಗದಗಳನ್ನು ಮನೆಯಲ್ಲಿ ಓದಿ ಹೇಳುತ್ತಿದ್ದವರೂ ಅವರೇ. ಹಾಗಾಗಿ ಒಂದು ಉಪಾಯ ಹೂಡಿದೆ. ಮಗ್ಗಕ್ಕೆ ಏರಿಸಿದ ಉದ್ದ ನೂಲಿಗೆ ಹಾಸು ಎನ್ನುತ್ತಾರೆ. ಅವರ ಮನೆಯಲ್ಲಿ ಒಂದು ಹಾಸು ನೇಯ್ದು ಮುಗಿಯಲು ಸುಮಾರು ಒಂದು ತಿಂಗಳು. "ಆರು ಹಾಸು ಮುಗಿದ ಮೇಲೆ ಹೋಗು" ಎಂದು ಚಿಗವ್ವನ ಕಿವಿಯಲ್ಲಿ ಹೇಳಿದೆ. ಹಾಸ್ಟೆಲಿನಿಂದ ಪ್ರತಿ ಕಾಗದದಲ್ಲೂ "ಹಾಸು ಎಷ್ಟಾಯಿತು?" ಎಂದು ಕೇಳುತ್ತಿದ್ದೆ. ಇಷ್ಟು ಓದಿದ ಹುಡುಗಿಗೆ ಮಗ್ಗದ ಮೇಲೆ ಎಂಥ ಅಭಿಮಾನ ಎಂದು ಚಿಗಪ್ಪ ಬೀದಿಗೆಲ್ಲ ಹೇಳಿಕೊಂಡು ಬಂದರಂತೆ.

ಆ ವರ್ಷ ನೂಲು ಸಿಗದೆ ಮಗ್ಗ ತಿಂಗಳುಗಟ್ಟಲೆ ನಿಂತಿತು. "ನಾಲ್ಕು" ಎಂಬ ಉತ್ತರ ಎರಡು ಸಲ ಬಂದರೂ ನನಗೆ ಹೊಳೆಯಲಿಲ್ಲ. ರಜೆಗೆ ಬಂದು ನೋಡಿದರೆ ಹತ್ತನೇ ತಿಂಗಳು. ಚಿಗವ್ವ ಹೋಗಿಯೇ ಇಲ್ಲ. ಮರುದಿನವೇ ಬಸ್ಸು ಹತ್ತಿದೆವು.

"ಇಷ್ಟು ದಿನ ಏನ್ ಮಾಡ್ತಿದ್ರಿ?" ಡಾಕ್ಟರಮ್ಮ ಗದರಿದರು.

"ನಾನೇನ್ ಮಾಡ್ಲಿ ರೀ? ಆರನೇ ಹಾಸು ಇನ್ನಾ ಮಗ್ಗದ ಮ್ಯಾಗೇ ಐತೆ. ಲೆಕ್ಕ ಕೊಟ್ಟೋಳು ಇವ್ಳೇ."

ಡಾಕ್ಟರಮ್ಮ ನನ್ನತ್ತ ತಿರುಗಿದರು. "ಏನ್ ಓದಿದೀಯಮ್ಮ?"

"ಎಂ.ಎಸ್ಸಿ.," ಎಂದೆ. ಅಷ್ಟು ಮೆಲ್ಲಗೆ ನಾನು ಬೇರೆಲ್ಲೂ ಆ ಪದವಿಯ ಹೆಸರು ಹೇಳಿದ್ದಿಲ್ಲ.

ಮತ್ತೆ ಮಾಡಿದ ಪರೀಕ್ಷೆಯಲ್ಲಿ ಬದಲಾವಣೆ ಹೆಚ್ಚಿತ್ತು. ವಿನೆಗರಿನಂಥ ದ್ರವ ಹಚ್ಚಿ, ಬೆಳ್ಳಗಾದ ಜಾಗದಿಂದ ಚೂರು ತೆಗೆದು ಕಳುಹಿಸಿದರು. ಫಲಿತಾಂಶಕ್ಕೆ ಹದಿನೈದು ದಿನ. ಚಿಗವ್ವ ಎಂದಿನಂತೆ ಲಾಳಿ ಎಸೆಯುತ್ತಿದ್ದಳು. ನಾನು ಈ ಸಲ ಕ್ಯಾಲೆಂಡರ್ ನೋಡಿ ದಿನ ಎಣಿಸುತ್ತಿದ್ದೆ. ಕೊನೆಗೆ ಬಂದ ಉತ್ತರ: ಕ್ಯಾನ್ಸರ್ ಆಗಿಲ್ಲ, ಬಿಟ್ಟರೆ ಆಗಬಹುದು. ಅಂದೇ ಆ ಭಾಗವನ್ನು ಅತಿ ತಣ್ಣನೆಯ ಅನಿಲದಿಂದ ಹೆಪ್ಪುಗಟ್ಟಿಸಿ ನಾಶಮಾಡಿ, ಪ್ರತಿ ವರ್ಷ ತಪ್ಪದೆ ತೋರಿಸಿ ಎಂದರು.

ಸಂಜೆ ಚಿಗಪ್ಪನ ಮುಂದೆ ಕೂತು ಎಲ್ಲವನ್ನೂ ಹೇಳಿದೆ, ಗರ್ಭಕೋಶವೆಂಬ ಹೆಸರು ಹಿಡಿದೇ.  ಅವರು ಕೇಳಿದ್ದು ಇಷ್ಟೇ: "ಮೊದ್ಲೇ ಹೇಳಿದ್ರೆ ನಾನೇನು ಬ್ಯಾಡ ಅಂತಿದ್ನಾ?"

ಅದಾಗಿ ಏಳು ವರ್ಷ. ನಾಳೆ ಚಿಗವ್ವನ ಈ ವರ್ಷದ ಸರದಿ. ಊಟದ ಡಬ್ಬಿ ಮುಚ್ಚಿ, ಎಲ್ಲರೂ ಕೂತಿದ್ದಂತೆಯೇ ಸ್ಟಾಫ್ ರೂಮಿನ ಫೋನಿನಿಂದ ಮೊಳಕಾಲ್ಮುರಿಗೆ ಕರೆ ಮಾಡಿದೆ. ಎತ್ತಿದವರು ಚಿಗಪ್ಪ.

"ನಾಳೆ ಗರ್ಭಕೋಶದ ಪರೀಕ್ಷೆ, ನೆನಪೈತಾ?"

"ಐತೆ ಕಣವ್ವ, ನಾನೇ ಕರ್ಕಂಡು ಬರ್ತೀನಿ. ಅದಿರ್ಲಿ, ವರ್ಷಾ ವರ್ಷ ನಮಗೆ ಹೇಳ್ತೀಯಲ್ಲ, ನಿಂದು ಯಾವತ್ತು ಮಾಡಿಸ್ಕಂಡೆ?"

ಮೂವತ್ತು ದಾಟಿದ ನಾನು ಒಮ್ಮೆಯೂ ಮಾಡಿಸಿಕೊಂಡಿರಲಿಲ್ಲ. ಸುಳ್ಳು ಹೇಳಬಹುದಿತ್ತು.

"ಎಷ್ಟೊತ್ತಿನ ಬಸ್ಸಿಗೆ ಬರ್ತೀರಿ ಚಿಗಪ್ಪ?" ಎಂದೆ. "ನನ್ನ ಹೆಸರೂ ಬರೆಸ್ತೀನಿ."