ಅಪ್ಪನ ಲಾರಿಯನ್ನು ಸರಿಪಡಿಸಿದವರು

ನನ್ನ ನಾಲ್ಕು ತಿಂಗಳ ಕೆಲಸವನ್ನು ಕೆಡಿಸಿದ ಮನುಷ್ಯನ ಕೈ ಕುಲುಕಿ, ನಗುತ್ತಾ, ಸ್ವೀಡಿಷ್‌ನಲ್ಲಿ ಎರಡೆರಡು ಸಲ ಥ್ಯಾಂಕ್ಸ್ ಹೇಳಿದವನು ನಾನು. ಅದೂ ಸಭಾಂಗಣದ ತುಂಬ ಜನರ ಎದುರಿಗೆ. ಅದನ್ನು ನೆನೆದರೆ ಈಗಲೂ ಮೈಯೆಲ್ಲ ಉರಿಯುತ್ತದೆ.

ಎರಡು ಸಾವಿರದ ದಶಕದ ನಡುವಿನ ವರ್ಷಗಳವು. ಸ್ಟಾಕ್‌ಹೋಮಿನ ವಿಶ್ವವಿದ್ಯಾಲಯವೊಂದರಲ್ಲಿ ನಾನು ಲೋಹದ ತುಕ್ಕಿನ ಮೇಲೆ ಸಂಶೋಧನೆ ಮಾಡುತ್ತಿದ್ದೆ. ಹೆಂಡತಿ ಮತ್ತು ನಾನು ಊರಿಗೆ ಅಂಟಿಕೊಂಡ ಸುಂಡ್‌ಬೀಬರ್ಗ್‌ನಲ್ಲಿ ಒಂದು ಬಾಡಿಗೆ ಫ್ಲಾಟಿನಲ್ಲಿದ್ದೆವು. ಮಿಲಿಟರಿ ವಾಹನಗಳ ಪುಟ್ಟ ಮಾದರಿ ಕಟ್ಟುವ ಹುಚ್ಚು ನನಗೆ ಅಲ್ಲಿ ಹತ್ತಿದ್ದು. ಪಕ್ಕದ ಸೋಲ್ನಾದ ವಸತಿ ಕಟ್ಟಡವೊಂದರ ನೆಲಮಾಳಿಗೆಯಲ್ಲಿ ಪ್ರತಿ ಬುಧವಾರ ಸಂಜೆ ಹತ್ತು ಹನ್ನೆರಡು ಜನ ಸೇರಿ ಟ್ಯಾಂಕು, ಜೀಪು, ಲಾರಿಗಳನ್ನು ಅಂಟಿಸುತ್ತ, ಬಣ್ಣ ಬಳಿಯುತ್ತ ಕೂರುತ್ತಿದ್ದರು. ಆ ಗುಂಪಿನಲ್ಲಿ ನಾನೊಬ್ಬನೇ ಹೊರಗಿನವನು.

ನನಗೆ ಕೆಲಸ ಕಲಿಸಿದವರು ಅಲ್ಲಿಯ ಅತ್ಯಂತ ಹಿರಿಯ ಸದಸ್ಯರು, ನಿವೃತ್ತ ಡ್ರಾಫ್ಟ್ಸ್‌ಮನ್. ಒಣಗಿದ ಕುಂಚದಿಂದ ಅಂಚುಗಳಿಗೆ ಮಾತ್ರ ಬಣ್ಣ ತಾಗಿಸುವುದು, ಚಕ್ರದ ಸಂದಿಗೆ ಕೆಸರು ಮೆತ್ತುವುದು, ವಾಹನ ನಿಲ್ಲುವ ನೆಲವನ್ನು ಹಲಗೆಯ ಮೇಲೆ ನಿಜವೆನ್ನುವಂತೆ ಎಬ್ಬಿಸುವುದು, ಎಲ್ಲ ಅವರಿಂದ ಕಲಿತೆ. ಸ್ವೀಡನ್ನಿನಲ್ಲಿ ಅಜ್ಜನಿಗೂ 'ನೀನು' ಎನ್ನಬೇಕು. ನಾನು ಬಾಯಲ್ಲಿ ಹಾಗೆಯೇ ಅನ್ನುತ್ತಿದ್ದೆ. ಮನಸ್ಸಿನಲ್ಲಿ ಮಾತ್ರ ಅವರನ್ನು 'ನೀವು' ಎಂದೇ ಕರೆಯುತ್ತಿದ್ದೆ.

ಎರಡನೆಯ ಚಳಿಗಾಲದಲ್ಲಿ, ಅಪ್ಪ ಸೈನ್ಯದಲ್ಲಿ ಓಡಿಸುತ್ತಿದ್ದ ಮೂರು ಟನ್ನಿನ ಲಾರಿ ಕಟ್ಟಬೇಕೆಂದು ಹೊರಟೆ. ಅದರ ಕಿಟ್, ಅಂದರೆ ಜೋಡಿಸಲು ಸಿದ್ಧವಾದ ಬಿಡಿಭಾಗಗಳ ಪೆಟ್ಟಿಗೆ, ಯಾವ ಅಂಗಡಿಯಲ್ಲೂ ಇರಲಿಲ್ಲ. ಪ್ಲಾಸ್ಟಿಕ್ ಹಾಳೆ ಕತ್ತರಿಸಿ, ತಂತಿ ಬಗ್ಗಿಸಿ, ಎಲ್ಲವನ್ನೂ ಕೈಯಲ್ಲೇ ಮಾಡಬೇಕಾಯಿತು. ಪ್ರತಿ ಭಾನುವಾರ ಕಾಲಿಂಗ್ ಕಾರ್ಡಿನ ಉದ್ದುದ್ದ ನಂಬರು ಒತ್ತಿ ಬೆಳಗಾವಿಗೆ ಫೋನ್ ಮಾಡಿ ಅಪ್ಪನನ್ನು ಕೇಳುತ್ತಿದ್ದೆ. ಟೂಲ್ ಬಾಕ್ಸ್ ಯಾವ ಕಡೆ? ಹಿಂದಿನ ಬಾಗಿಲಿಗೆ ಕೊಂಡಿ ಎಷ್ಟು? ಮೂವತ್ತು ವರ್ಷ ದಾಟಿತ್ತು, ಆದರೂ ಅಪ್ಪ ನಿನ್ನೆ ಇಳಿದು ಬಂದವರ ಹಾಗೆ ಹೇಳುತ್ತಿದ್ದರು.

ಎಪ್ಪತ್ತೊಂದರ ಯುದ್ಧದ ದಿನಗಳ ಒಂದು ಸಂಗತಿಯನ್ನು ಅವರು ಅದೇ ಮೊದಲ ಸಲ ಬಾಯಿಬಿಟ್ಟರು. "ಎಡಗಡೆ ಬಂಪರ್ ಒಳಗ ಹೊಕ್ಕಿತ್ತು. ಕತ್ತಲದಾಗ ಸೇತುವಿ ಕಟ್ಟಿಗೆ ನಾನ ಬಡದಿದ್ದೆ. ಟೆಲಿಫೋನ್ ವೈರ್ ತಗೊಂಡು ಬಿಗದು ಕಟ್ಟಿದೆ. ಹನ್ನೊಂದು ದಿನ ಹಂಗ ಓಡಸೇನಿ. ಹೋಗುವಾಗ ರೇಷನ್, ಬರುವಾಗ ಗಾಯ ಆದವ್ರು." ಕಡೆಗೆ, "ನೆಟ್ಟಗ ಮಾಡಾಕ ಪುರುಸೊತ್ತು ಯಾರಿಗಿತ್ತು?" ಎಂದರು.

ನಾನು ಕಟ್ಟಿದ್ದು ಆ ಹನ್ನೊಂದು ದಿನಗಳ ಲಾರಿಯನ್ನು. ಉದ್ದ ಒಂದು ಗೇಣಿಗಿಂತ ತುಸು ಕಡಿಮೆ. ಬಂಪರನ್ನು ಮೇಣದಬತ್ತಿಯ ಶಾಖಕ್ಕೆ ಹಿಡಿದು ಬಗ್ಗಿಸಿ, ಹಳೆಯ ಇಯರ್‌ಫೋನಿನ ಒಳಗಿನ ತಂತಿಯ ಎಳೆಯಿಂದ ಕಟ್ಟಿದೆ. ಮೊದಲ ಎರಡು ಬಂಪರ್ ಕರಗಿ ಹೋದವು. ಅಡಿಯ ನೆಲಕ್ಕೆ ಪ್ಲಾಸ್ಟರ್ ಹಾಕಿ, ಅದರ ಮೇಲೆ ಸೋಸಿ ಉಳಿದ ಚಹಾ ಚರಟ ಉದುರಿಸಿದೆ. ಅದು ಒಣಗಿದಾಗ ಥೇಟ್ ಹಸಿ ಮಣ್ಣಿನ ಬಣ್ಣ. ಹುಲ್ಲಿಗೆ ತೆಂಗಿನ ನಾರು. ಚಕ್ರ ಹೂತ ಕಡೆ ಕಾಫಿ ಕಲಕುವ ಕಡ್ಡಿಗಳನ್ನು ಸೀಳಿ, ಹಲಗೆ ಮಾಡಿ ಅಡಿಗಿಟ್ಟೆ.

ಕ್ಲಬ್ಬಿನ ವಾರ್ಷಿಕ ಪ್ರದರ್ಶನ ಶನಿವಾರವಿತ್ತು. ಗಾಜಿನ ಪೆಟ್ಟಿಗೆಗಳ ಜವಾಬ್ದಾರಿ ಹಿರಿಯರದ್ದಾದ್ದರಿಂದ ಗುರುವಾರವೇ ಲಾರಿಯನ್ನು ಅವರ ಕೈಗೆ ಕೊಟ್ಟೆ. ಅವರು ಕನ್ನಡಕ ಹಣೆಗೇರಿಸಿ ನೋಡಿದರು.

"ಚೆನ್ನಾಗಿದೆ. ಆದರೆ ಈ ಬಂಪರ್? ಸೈನ್ಯದಲ್ಲಿ ವಾಹನವನ್ನು ಹೀಗೆ ಬಿಡುವುದಿಲ್ಲ."

"ನಮ್ಮಪ್ಪ ಓಡಿಸಿದ ಲಾರಿ ಇದು. ಹೀಗೇ ಇತ್ತು."

"ಫೋಟೋ ಇದೆಯಾ?"

ಇರಲಿಲ್ಲ. ಲಾರಿ ಡ್ರೈವರ್ ಕೈಗೆ ಕ್ಯಾಮೆರಾ ಎಲ್ಲಿಂದ ಬರಬೇಕು? ಹಾಗೆಂದು ಹೇಳಿದೆ. ಅವರು ತಲೆಯಾಡಿಸಿದರು. ಮಾತು ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಶನಿವಾರ ಸಭಾಂಗಣಕ್ಕೆ ಹೋದಾಗ ನನ್ನ ಲಾರಿಯ ಮುಂದೆ ಎರಡನೆಯ ಬಹುಮಾನದ ಚೀಟಿ ಇತ್ತು. ಹತ್ತಿರ ಹೋದೆ. ಬಂಪರ್ ನೆಟ್ಟಗಿತ್ತು. ತಂತಿ ಇರಲಿಲ್ಲ. ಯಾವುದೋ ಬೇರೆ ಕಿಟ್ಟಿನ ಹೊಸ ಬಂಪರನ್ನು ಅಚ್ಚುಕಟ್ಟಾಗಿ ಅಂಟಿಸಿ, ನನ್ನದೇ ಹಸಿರಿಗೆ ಹೊಂದುವ ಹಸಿರು ಬಳಿದಿದ್ದರು. ಚಾಸಿಸ್ಸಿಗೆ ನಾನು ಬಳಿದಿದ್ದ ತುಕ್ಕಿನ ಬಣ್ಣವನ್ನೂ ಅರ್ಧಕ್ಕರ್ಧ ಮುಚ್ಚಿದ್ದರು. ತುಕ್ಕು! ಹಗಲೆಲ್ಲ ಮೈಕ್ರೋಸ್ಕೋಪಿನಡಿ ತುಕ್ಕನ್ನೇ ನೋಡುತ್ತಿದ್ದವನ ತುಕ್ಕನ್ನು ತಿದ್ದಿದ್ದರು.

ಹಿರಿಯರು ಹಿಂದಿನಿಂದ ಬಂದು ಹೆಗಲ ಮೇಲೆ ಕೈಯಿಟ್ಟರು. "ಸ್ವಲ್ಪ ಸರಿಪಡಿಸಿದೆ. ಇಲ್ಲದಿದ್ದರೆ ತೀರ್ಪುಗಾರರು ಅಂಕ ಕಳೆಯುತ್ತಿದ್ದರು. ಖುಷಿಯಾ?"

ಅಷ್ಟರಲ್ಲಿ ಕ್ಲಬ್ಬಿನ ಅಧ್ಯಕ್ಷ ನನ್ನ ಹೆಸರು ಕರೆದ. ಜನ ಚಪ್ಪಾಳೆ ತಟ್ಟಿದರು. ನಾನು ಹೋಗಿ ಸರ್ಟಿಫಿಕೇಟ್ ತೆಗೆದುಕೊಂಡೆ, ಅಧ್ಯಕ್ಷನ ಕೈ ಕುಲುಕಿದೆ, ಹಿರಿಯರ ಕೈಯನ್ನೂ ಕುಲುಕಿದೆ. "ತಾಕ್, ತಾಕ್" ಎಂದು ಥ್ಯಾಂಕ್ಸ್ ಹೇಳಿದೆ. ಪರದೇಶದಲ್ಲಿ ಒಳ್ಳೆಯವನೆನಿಸಿಕೊಳ್ಳಲು ಕಲಿತ ನಗು ತಾನಾಗಿ ಮುಖದ ಮೇಲೆ ಬಂದು ಕೂತಿತ್ತು.

ಮನೆಗೆ ಬಂದು ಲಾರಿಯನ್ನು ಅಡುಗೆಮನೆಯ ಮೇಜಿನ ಮೇಲಿಟ್ಟೆ. ಹೆಂಡತಿ ಸರ್ಟಿಫಿಕೇಟ್ ನೋಡಿ ಸಂತೋಷಪಟ್ಟಳು. ವಿಷಯ ಹೇಳಿದೆ.

"ಅಯ್ಯೋ ಬಿಡಿ ರೀ, ವಯಸ್ಸಾದವರು. ಹೆಲ್ಪ್ ಮಾಡೋಣ ಅಂತ ಮಾಡಿರ್ತಾರೆ. ಒಂದು ಬಂಪರ್‌ಗೋಸ್ಕರ ಇಷ್ಟು ಟೆನ್ಷನ್ ಯಾಕೆ?"

ಅವಳ ಮೇಲೂ ರೇಗಿದೆ. ಅದು ತಪ್ಪು, ಆಮೇಲೆ ಕ್ಷಮೆ ಕೇಳಿದೆ.

ಮರುದಿನ ಅಪ್ಪನಿಗೆ ಫೋನ್. ನಕ್ಕು ಬಿಟ್ಟಾರು ಅಂದುಕೊಂಡಿದ್ದೆ. ಎಲ್ಲ ಕೇಳಿ ಅವರು ಒಂದೇ ಮಾತು ಕೇಳಿದರು.

"ಅಂವ ನನ್ನ ಗಾಡಿ ಮುಟ್ಟಿದಾ. ನೀ ಏನಂದಿ?"

"ಏನೂ ಅನ್ನಲಿಲ್ಲಪ್ಪ. ಥ್ಯಾಂಕ್ಸ್ ಅಂದೆ."

"ಥ್ಯಾಂಕ್ಸ್ ಅಂದಿ?" ಅಪ್ಪನ ಧ್ವನಿ ಏರಿತು. "ಆ ಗಾಡಿಯಾಗ ಮಂದಿ ಸತ್ತಾರೋ. ಆ ಬಂಪರ್ ನೋಡಿದ್ರ ನನಗ ಆ ಹನ್ನೊಂದು ದಿನ ನೆನಪಾಗ್ತಾವ. ಅದನ್ನ ನೆಟ್ಟಗ ಮಾಡಿ ಬಹುಮಾನ ಕೊಟ್ರು, ನೀ ಇಸ್ಕೊಂಡು ಬಂದಿ!" ಫೋನ್ ಇಟ್ಟುಬಿಟ್ಟರು. ನನ್ನ ಅಪ್ಪ ನನ್ನ ಮೇಲೆ ಹಾಗೆ ಫೋನ್ ಇಟ್ಟದ್ದು ಅದೊಂದೇ ಸಲ.

ಬುಧವಾರ ಸರ್ಟಿಫಿಕೇಟ್ ಚೀಲದಲ್ಲಿಟ್ಟುಕೊಂಡು ನೆಲಮಾಳಿಗೆಗೆ ಹೋದೆ. ಕೋಟನ್ನೂ ಬಿಚ್ಚದೆ ಹಿರಿಯರ ಎದುರು ನಿಂತೆ.

"ನನ್ನನ್ನು ಕೇಳದೆ ನನ್ನ ಲಾರಿಗೆ ಯಾಕೆ ಕೈ ಹಾಕಿದೆ ನೀನು?"

ಆ 'ನೀನು' ಅಂದು ಮೊದಲ ಬಾರಿಗೆ ಬಾಯಿಗೂ ಮನಸ್ಸಿಗೂ ಒಂದೇ ಆಗಿ ಬಂತು.

ಅಧ್ಯಕ್ಷ ಎದ್ದು, "ಮೊದಲು ಫೀಕಾ ಮಾಡೋಣ, ಕಾಫಿ ರೆಡಿ ಇದೆ" ಎಂದ. ಫೀಕಾ ಅಂದರೆ ಅಲ್ಲಿಯವರ ಕಾಫಿ-ಬನ್ನಿನ ವಿರಾಮ. ನನಗೆ ಕಾಫಿ ಬೇಡ ಅಂದೆ.

ಹಿರಿಯ ಮನುಷ್ಯ ಕುಂಚ ಕೆಳಗಿಟ್ಟ. "ಅದು ತಪ್ಪಾಗಿತ್ತು. ನನ್ನ ಬಳಿ ಪುಸ್ತಕ ಇದೆ, ಬೇಕಾದರೆ ತೋರಿಸುತ್ತೇನೆ."

"ಪುಸ್ತಕ ಬರೆದವರು ಆ ಲಾರಿಯಲ್ಲಿ ಕೂತಿರಲಿಲ್ಲ. ನಮ್ಮಪ್ಪ ಕೂತಿದ್ದರು."

"ಆಧಾರ ಇಲ್ಲದೆ ತೀರ್ಪುಗಾರರು ಒಪ್ಪುವುದಿಲ್ಲ. ನಿನ್ನ ಒಳ್ಳೆಯದಕ್ಕೇ ಮಾಡಿದೆ."

"ನನ್ನಪ್ಪನೇ ಆಧಾರ!"

ನನ್ನ ಧ್ವನಿ ಆ ತಗ್ಗು ಸೂರಿಗೆ ಬಡಿದು ವಾಪಸ್ ಬಂತು. ಯಾರೂ ತಲೆ ಎತ್ತಲಿಲ್ಲ. ಒಬ್ಬ ಟ್ಯಾಂಕಿನ ಗಾಲಿ ಉಜ್ಜುತ್ತಲೇ ಇದ್ದ. ಆ ದೇಶದಲ್ಲಿ ದನಿ ಏರಿಸಿದವನೇ ತಪ್ಪಿತಸ್ಥ. ಬಹುಮಾನ ವಾಪಸ್ ತೆಗೆದುಕೊಳ್ಳಿ ಎಂದೆ. ಅಂಥ ನಿಯಮ ಇಲ್ಲ, ಪಟ್ಟಿ ಆಗಲೇ ಮುದ್ರಣಕ್ಕೆ ಹೋಗಿದೆ ಎಂದು ಅಧ್ಯಕ್ಷ ಮೆಲ್ಲಗೆ ವಿವರಿಸಿದ. ಸರ್ಟಿಫಿಕೇಟನ್ನು ದಾಲ್ಚಿನ್ನಿ ಬನ್ನುಗಳ ತಟ್ಟೆಯ ಪಕ್ಕದಲ್ಲಿಟ್ಟು ಹೊರಟು ಬಂದೆ. ಹೊರಗೆ ಹಿಮ ಕರಗಿ ರಾಡಿಯಾಗಿತ್ತು. ರೈಲು ಹತ್ತದೆ ಮನೆಯವರೆಗೂ ನಡೆದೆ.

ಆ ರಾತ್ರಿ ಹೊಸ ಬಂಪರನ್ನು ಕಿತ್ತು ಹಾಕಲು ಹೋದಾಗ ಲಾರಿಯ ಮೂತಿಯೇ ಸೀಳಿಕೊಂಡು ಬಂತು. ಅಷ್ಟು ಗಟ್ಟಿಯಾಗಿ ಅಂಟಿಸಿದ್ದ. ಆಗ ನಾನು ಅತ್ತೆ. ಇಡೀ ಪ್ರಸಂಗದಲ್ಲಿ ಅತ್ತದ್ದು ಆಗ ಮಾತ್ರ. ಅಪ್ಪನಿಗೆ ಫೋನ್ ಮಾಡಿ ಕ್ಲಬ್ಬಿನಲ್ಲಿ ನಡೆದದ್ದನ್ನು ಹೇಳಿದೆ. "ಹೂಂ," ಅಂದರು. "ಊಟ ಆತೇನು?" ಅದು ಅವರು ರಾಜಿಯಾಗುವ ರೀತಿ.

ಒಂದು ತಿಂಗಳ ಮೇಲೆ ಕ್ಲಬ್ಬಿನಿಂದ ಪತ್ರ ಬಂತು. 'ಒಂದು ತಪ್ಪು ತಿಳಿವಳಿಕೆಯ ಕಾರಣದಿಂದ' ಇನ್ನು ಮುಂದೆ ಒಬ್ಬರ ಮಾದರಿಯನ್ನು ಇನ್ನೊಬ್ಬರು ಮುಟ್ಟಬಾರದೆಂದು ನಿಯಮ ಮಾಡಿದ್ದಾರಂತೆ. ತಪ್ಪು ತಿಳಿವಳಿಕೆ! ನಿಘಂಟು ಮುಂದಿಟ್ಟುಕೊಂಡು ಒಂದು ಪುಟ ಉತ್ತರ ಬರೆದೆ. ಯಾರೂ ಯಾರನ್ನೂ ತಪ್ಪು ತಿಳಿದಿಲ್ಲ, ನಾನು ಹೇಳಿದ್ದು ಅವನಿಗೆ ಸರಿಯಾಗಿ ತಿಳಿದಿತ್ತು, ನಂಬಲಿಲ್ಲ ಅಷ್ಟೆ, ಎಂದು. ವ್ಯಾಕರಣ ತಪ್ಪಿದ್ದಿರಬಹುದು. ಉತ್ತರ ಬರಲಿಲ್ಲ.

ಮುಂದಿನ ವರ್ಷ ನವೆಂಬರಿನಲ್ಲಿ ಲೋಕಲ್ ರೈಲಿನಲ್ಲಿ ಆ ಹಿರಿಯ ಮನುಷ್ಯ ನನ್ನ ಎದುರು ಸೀಟಿಗೇ ಬಂದು ಕೂತ. ಬಹಳ ಇಳಿದುಹೋಗಿದ್ದ. ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ. ಇಬ್ಬರೂ ಕಿಟಕಿಯಾಚೆ ನೋಡಿದೆವು.

"ಈ ವರ್ಷ ಹಿಮ ಬೇಗ ಬಂತು," ಎಂದ.

ನಾನು ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಸ್ಟಾಕ್‌ಹೋಮ್ ಸೆಂಟ್ರಲ್ ಬಂದಾಗ ಅವನು ಕಂಬ ಹಿಡಿದು ನಿಧಾನವಾಗಿ ಎದ್ದ. ನಾನೂ ಇಳಿಯಬೇಕಿದ್ದದ್ದು ಅಲ್ಲೇ, ಆದರೂ ಎಲ್ಲರೂ ಇಳಿಯುವವರೆಗೆ ಕೂತೇ ಇದ್ದೆ.